ಟವೆಲಿನ ಕೆಳಗೆ ಹದಿನೈದು ರೌಂಡು

ಮೊನ್ನೆ ಗಾಂಧಿ ಬಜಾರಿಗೆ ಟವೆಲ್ ಕೊಳ್ಳಲು ಹೋಗಿದ್ದೆ. ನಾನು ಚೌಕಾಶಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರೆ ಅಂಗಡಿಯವನು ಫೋನಿನಿಂದ ಕಣ್ಣೆತ್ತಲೇ ಇಲ್ಲ. ಇಣುಕಿ ನೋಡಿದೆ. ಹೆವಿವೇಟ್ ಬಾಕ್ಸರುಗಳಿಬ್ಬರು ಗುದ್ದಾಡುತ್ತಿದ್ದರು. ಒಬ್ಬ ಹಳೆಯ ಕಾಲದವನು; ಅವನು ಕೈಗವಸು ಕಳಚಿಟ್ಟು ಎಷ್ಟೋ ವರ್ಷಗಳಾದ ಮೇಲೆ ರಿಂಗಿಗೆ ಬಂದವನು ಇನ್ನೊಬ್ಬ. ನಿಜದಲ್ಲಿ ಎಂದೂ ಎದುರಾಗದ ಅವರನ್ನು ಕಂಪ್ಯೂಟರು ತಂದು ನಿಲ್ಲಿಸಿತ್ತು. ಯಾರು ಗೆದ್ದರೆಂದು ನೋಡುವ ಮನಸ್ಸಾಗಲಿಲ್ಲ. ಅಂಗಡಿಯವನು ಹೇಳಿದ ಬೆಲೆಗೇ ಟವೆಲ್ ಎತ್ತಿಕೊಂಡು ಹೊರಬಿದ್ದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಮಾಚೇನಹಳ್ಳಿಯಲ್ಲಿ ಹಳೆಯ ಲೇತ್ ಮೆಷಿನ್ನುಗಳನ್ನು ಕೊಂಡು ಮಾರುವವನು ನಾನು. ಅದಕ್ಕೂ ಮೊದಲು ದನದ ಸಂತೆಯಲ್ಲಿ ದಲ್ಲಾಳಿಯೊಬ್ಬರ ಹಿಂದೆ ಓಡಾಡಿ ವ್ಯಾಪಾರ ಕಲಿತೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಮೇಲೊಂದು ಟವೆಲ್ ಹಾಕಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿಯಬೇಕು. ಒಂದು ಬೆರಳಿಗೆ ಒಂದು, ಇಡೀ ಕೈ ಹಿಡಿದರೆ ಐದು. ಟವೆಲಿನ ಕೆಳಗಿನ ಮಾತು ಮೇಲೆ ಬರಬಾರದು. ನೀವು ಎಂದಾದರೂ ಇಂಥ ವ್ಯಾಪಾರಕ್ಕೆ ಕೂತರೆ ಎದುರಿನವನ ಮುಖ ನೋಡಬೇಡಿ, ಬೆರಳನ್ನು ಗಮನಿಸಿ. ಮುಖ ಸುಳ್ಳು ಹೇಳಬಲ್ಲದು.

ಈ ಪದ್ಧತಿಯನ್ನು ಬಾಕ್ಸಿಂಗಿಗೆ ತಂದವರು ನಾವಿಬ್ಬರೇ ಇರಬೇಕು, ನಾನು ಮತ್ತು ಭದ್ರಾವತಿಯ ದೊರೈ. ದೊರೈ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕ್ರೇನ್ ನಡೆಸುತ್ತಿದ್ದ. ಪ್ರಾಯದಲ್ಲಿ ತಾನೂ ಹೆವಿವೇಟ್ ಬಾಕ್ಸರ್. ಮೂಗು ಎಡಕ್ಕೆ ವಾಲಿದ್ದು ಅದರ ಗುರುತು. ಭಾನುವಾರ ಬೆಳಿಗ್ಗೆ ಅವನ ಮನೆಯ ಹತ್ತಿರದ ಟೀ ಅಂಗಡಿಯಲ್ಲಿ ನಮ್ಮ ವಾದ. ಅವನ ವೀರ ಹಳೆಯ ಕಾಲದ ಎತ್ತರದ ಆಳು, ನಾವಿಟ್ಟ ಹೆಸರು ನೀಳಗೈ. ನನ್ನವನು ಆಮೇಲಿನ ಕಾಲದ ಕುಳ್ಳ, ದಪ್ಪ ಕತ್ತಿನ ಗೂಳಿ. ಗೂಳಿಯ ಮುಂದೆ ನೀಳಗೈ ಎಷ್ಟು ರೌಂಡು ನಿಂತಾನು? ದೊರೈ ನನ್ನ ಕೈಯನ್ನು ಮೂರು ಸಲ ಇಡಿಯಾಗಿ ಹಿಡಿಯುತ್ತಿದ್ದ, ಹಳೆಯ ಕಾಲದ ಪೂರ್ತಿ ಹದಿನೈದು ರೌಂಡು. ನಾನು ಅವನ ಎರಡು ಬೆರಳು ಹಿಡಿಯುತ್ತಿದ್ದೆ. ಹದಿನೈದಕ್ಕೂ ಎರಡಕ್ಕೂ ನಡುವೆ ವರ್ಷಗಟ್ಟಲೆ ಜಗ್ಗಾಡಿದೆವು.

ಅವನದೊಂದು ನಿಯಮವಿತ್ತು. “ಯಾರನ್ನೇ ತರ್ಲಿ, ಅವನ ಒಳ್ಳೇ ವರ್ಷದಲ್ಲಿ ತರ್ಬೇಕು ಕಣೋ ದಲ್ಲಾಳಿ. ಬಿದ್ದ ವರ್ಷದಲ್ಲಿ ಅಲ್ಲ.”

ನಾನು ಕೊಳ್ಳುವವನು. ಮೆಷಿನ್ನಿನ ಬೆಲೆ ಇಳಿಸಬೇಕೆಂದರೆ ಅದರ ಇತ್ತೀಚಿನ ದೋಷದ ಮೇಲೆ ಬೆರಳಿಡುವುದು ನನ್ನ ಅಭ್ಯಾಸ. ಆರು ವರ್ಷಗಳ ಹಿಂದೆ ಒಂದು ಭಾನುವಾರ ಆ ವಿದ್ಯೆಯನ್ನೇ ಬಳಸಿದೆ. “ಕೊನೆಗೆ ನಿನ್ನ ನೀಳಗೈಗೆ ಟೀ ಲೋಟ ಹಿಡಿಯಕ್ಕೂ ಆಗ್ತಿರಲಿಲ್ಲ, ಕೈ ನಡುಗ್ತಿತ್ತು. ಅದೆಂಥಾ ಗಟ್ಟಿ ಆಳು?”

ಮಾತಿಗೆ ಮಾತು ಕೊಡುವ ದೊರೈ ಈ ಸಲ ತನ್ನ ಲೋಟದ ಕಡೆ ನೋಡಿದ. ಅದು ಬೆಂಚಿನ ಮೇಲೇ ಇತ್ತು. ಅವನು ಅದನ್ನು ಕೈಗೆತ್ತಿಕೊಂಡು ಎಷ್ಟೋ ವಾರಗಳಾಗಿದ್ದವು ಎಂಬುದು ನನಗೆ ಆಗ ಹೊಳೆಯಿತು. ಟವೆಲಿನ ಕೆಳಗೆ ಅವನು ನನ್ನ ಕೈ ಹಿಡಿದ. ಎಂದಿನ ಬಿಗಿ ಹಿಡಿತವಿರಲಿಲ್ಲ, ಆ ಕೈ ನಡುಗುತ್ತಿತ್ತು. ಚಳಿಯ ನಡುಕವಲ್ಲ. ಫೌಂಡೇಶನ್ ಬೋಲ್ಟು ಸಡಿಲವಾದ ಮೆಷಿನ್ನಿನ ಹಾಗೆ, ಬಿಡುವಿಲ್ಲದೆ.

ಆ ವಾರ ನನಗೆ ಕೆಲಸ ಸಾಗಲಿಲ್ಲ. ದೊರೈನ ಕ್ರೇನು ಎತ್ತುತ್ತಿದ್ದದ್ದು ಕರಗಿದ ಕಬ್ಬಿಣದ ತೊಟ್ಟಿ. ಕಂಡಕಂಡವರಿಗೆಲ್ಲ ಕೇಳದೆಯೇ ಬುದ್ಧಿ ಹೇಳುವ ನನಗೆ ಹೇಳಲೇಬೇಕಾದ ಒಂದು ಮಾತಿಗೆ ನಾಲಿಗೆ ಏಳಲಿಲ್ಲ. ಅವನ ನಿವೃತ್ತಿಗೆ ಐದೇ ತಿಂಗಳು ಉಳಿದಿತ್ತು. ಫೌಂಡ್ರಿಯ ಪದ್ಧತಿಯಂತೆ ಕ್ರೇನಿನವನು ಕೆಲಸ ಬಿಡುವ ದಿನ ಕೊಕ್ಕೆಯನ್ನು ಶೆಡ್ಡಿನ ನಡುವಿಗೆ ಇಳಿಸಬೇಕು, ಜೊತೆಯವರು ಅದಕ್ಕೆ ಹಾರ ಹಾಕುತ್ತಾರೆ, ಆಮೇಲೆ ಹಾರ ಹೊತ್ತ ಕೊಕ್ಕೆಯನ್ನು ಅವನೇ ಮೇಲಕ್ಕೆತ್ತಬೇಕು. ಹಾರ ಸೇವಂತಿಗೆಯದೇ ಆಗಬೇಕೆಂದು ದೊರೈ ಎರಡು ವರ್ಷದಿಂದ ಹೇಳುತ್ತಿದ್ದ.

ಮುಂದಿನ ಭಾನುವಾರ ಟವೆಲ್ ಹಾಕಿದೆ. ಬಾಕ್ಸಿಂಗಿನ ಮಾತು ಎತ್ತಲಿಲ್ಲ. ಕ್ರೇನಿನ ಕೆಳಗೆ ಎಷ್ಟು ಜನ ನಿಂತಿರ್ತಾರೆ ಎಂದು ಕೇಳಿದೆ. ಎಂಟು ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ಯಾರಿಗೆ ಹೇಳ್ತೀಯ?” ಎಂದ.

“ಟವೆಲಿನ ಮಾತು ನಾನು ಹೊರಗೆ ಹಾಕಲ್ಲ. ನೀನೇ ಹೇಳ್ಬೇಕು. ಎಷ್ಟು ಟೈಮ್ ಬೇಕು?”

ಅವನು ನನ್ನ ಇಡೀ ಕೈ ಹಿಡಿದ. ಐದು. ನಾನು ಅವನ ಒಂದು ಬೆರಳು ಹಿಡಿದೆ.

“ಒಂದು ತಿಂಗಳಾ?”

“ಒಂದು ದಿನ, ಮಾರಾಯ.”

ಬೆರಳನ್ನು ಬಹಳ ಹೊತ್ತು ಬಿಡಲಿಲ್ಲ ನಾನು. ಅವನೂ ಎಳೆದುಕೊಳ್ಳಲಿಲ್ಲ. ಸೋಮವಾರ ಅವನೇ ಹೋಗಿ ಹೇಳಿದ. ಡಾಕ್ಟರು ನೋಡಿದರು, ಅವತ್ತೇ ಕ್ರೇನಿನಿಂದ ಇಳಿಸಿದರು. ಕೊಕ್ಕೆಗೆ ಹಾರ ಬೀಳಲಿಲ್ಲ. ಟೀ ಅಂಗಡಿಗೆ ಅವನು ಮತ್ತೆ ಬರಲಿಲ್ಲ, ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ನಾನು ಕುದುರಿಸಿದ ವ್ಯಾಪಾರಗಳಲ್ಲಿ ಅಷ್ಟು ಸರಿಯಾದದ್ದು ಇನ್ನೊಂದಿಲ್ಲ. ಹಾಗಿದ್ದೂ ಆರು ವರ್ಷ ಭದ್ರಾವತಿಯ ಆ ಬೀದಿಯನ್ನು ತಪ್ಪಿಸಿ ಓಡಾಡಿದೆ.

ಮೊನ್ನೆ ಹೊಸ ಟವೆಲ್ ಹಿಡಿದು ಅಂಗಡಿಯಿಂದ ಹೊರಬಿದ್ದವನು ನೇರ ಅಲ್ಲಿಗೇ ಹೋದೆ. ದೊರೈನ ಹೆಂಡತಿ ಕನಕಮ್ಮ ಬಾಗಿಲು ತೆರೆದು, “ಈಗ ದಾರಿ ಸಿಕ್ತಾ ಅಣ್ಣ?” ಎಂದಷ್ಟೇ ಹೇಳಿ ಒಳಗೆ ಬಿಟ್ಟರು. ದೊರೈ ಕುರ್ಚಿಯಲ್ಲಿ ಕೂತಿದ್ದ, ಕೈಗಳು ತೊಡೆಯ ಮೇಲೆ ಯಾವ ಮುಚ್ಚುಮರೆಯೂ ಇಲ್ಲದೆ ನಡುಗುತ್ತಿದ್ದವು. ಅಂಗಡಿಯವನ ಫೋನಿನಲ್ಲಿ ಕಂಡ ಕಾಳಗದ ಕಥೆ ಹೇಳಿದೆ. ಯಾರು ಗೆದ್ದರು ಎಂದು ಅವನು ಕೇಳಲಿಲ್ಲ.

“ಯಾವ ವರ್ಷದೋರನ್ನ ಇಳಿಸಿದ್ರು?”

ನೋಡಲಿಲ್ಲ ಎಂದೆ. “ಅದನ್ನೇ ನೋಡ್ದೆ ಬಂದ್ಯಾ?” ಎಂದು ನಕ್ಕ. ನಾನು ಹೊಸ ಟವೆಲ್ ಬಿಚ್ಚಿ ಹಾಸಿದೆ. ಅವನು ನನ್ನ ಕೈಯನ್ನು ಇಡಿಯಾಗಿ ಹಿಡಿದ, ಒಂದು ಸಲ, ಎರಡು ಸಲ, ಮೂರು ಸಲ. ನಾನು ಒಪ್ಪಿಗೆಯೆಂದು ತಲೆಯಾಡಿಸಿದೆ. ಅವನು ಕೈ ಕಿತ್ತುಕೊಂಡ.

“ಕನಿಕರಕ್ಕೆ ಒಪ್ಬೇಡ. ಚೌಕಾಶಿ ಮಾಡು.”

ಎರಡು ಬೆರಳು ಹಿಡಿದೆ. ಕನಕಮ್ಮ ಇಟ್ಟ ಟೀ ತಣ್ಣಗಾಯಿತು. ನಾನು ಆರಕ್ಕೆ ಏರಿದ್ದೆ, ಅವನು ಹದಿಮೂರಕ್ಕೆ ಇಳಿದಿದ್ದ. ವ್ಯಾಪಾರ ಕುದುರಲಿಲ್ಲ. ಎದ್ದು ಬರುವಾಗ ಟವೆಲನ್ನು ಅವನ ಕುರ್ಚಿಯ ಕೈಮೇಲೆ ಹಾಕಿ, ಅಲ್ಲೇ ಬಿಟ್ಟು ಬಂದೆ.