ತುಳಜಾಬಾಯಿ ಬಿಚ್ಚಿದ ಕೀಬೋರ್ಡ್

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶಿವಕಾಂತಾ ಅಕ್ಕನವರ ಟೈಪಿಂಗ್ ಕ್ಲಾಸಿತ್ತು. ಒಂದು ಉದ್ದನೆಯ ಕೋಣೆ, ಗೋಡೆಗೆ ಒತ್ತಿ ಸಾಲಾಗಿ ಏಳು ಟೈಪ್‌ರೈಟರ್‌ಗಳು. ಆ ಕೋಣೆಯ ಕಸ ಗುಡಿಸಿ ಕೊಡಕ್ಕೆ ನೀರು ತುಂಬಿಡಲು ೧೯೭೯ರಲ್ಲಿ ಬಂದವಳು ತುಳಜಾಬಾಯಿ. ಹುಟ್ಟೂರು ಖಜೂರಿ, ಮನೆ ಆಳಂದದಲ್ಲೇ. ಗಂಡ ಬೀರಣ್ಣ ಅಲ್ಲಿನ ಅಡತಿ ಅಂಗಡಿಯಲ್ಲಿ, ದಲಾಲರ ಬಳಿ, ತೊಗರಿ ಚೀಲ ಹೊರುತ್ತಿದ್ದ. ಆಕೆಗೆ ಓದು ಬರಹ ಬರುತ್ತಿರಲಿಲ್ಲ.

ಟೈಪ್‌ರೈಟರ್ ರಿಪೇರಿಗೆ ಎರಡು ತಿಂಗಳಿಗೊಮ್ಮೆ ಸೊಲ್ಲಾಪುರದಿಂದ ಒಬ್ಬ ಮಿಸ್ತ್ರಿ ಬರುತ್ತಿದ್ದನಂತೆ. ಅವನು ಕೆಲಸ ಮಾಡುವಾಗ ತುಳಜಾಬಾಯಿ ಕಸಬರಿಗೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದಳು. ಒಂದು ಮಳೆಗಾಲ ಅವನು ಬರಲೇ ಇಲ್ಲ. ಒಂದು ಮಷೀನಿನ ಇಂಗ್ಲಿಷ್ ‘ಇ’ ಅಕ್ಷರದ ಹೊಟ್ಟೆಯಲ್ಲಿ ಮಸಿ ತುಂಬಿ, ಒತ್ತಿದರೆ ಕಾಗದದ ಮೇಲೆ ಬರೀ ಕರಿ ಚುಕ್ಕೆ ಬೀಳುತ್ತಿತ್ತು. ತುಳಜಾಬಾಯಿ ಸೀಮೆಎಣ್ಣೆಯಲ್ಲಿ ಜಾಲಿಮುಳ್ಳು ಅದ್ದಿ ಆ ಮಸಿಯನ್ನು ಕೆದರಿ ತೆಗೆದಳು. ಅಕ್ಕ ಅದನ್ನು ನೋಡಿ ಬಯ್ಯಲಿಲ್ಲ, ಮಾರನೆಯ ದಿನ ಎಣ್ಣೆಯ ಡಬ್ಬಿಯನ್ನೂ ಒಂದು ಹಳೆಯ ಬ್ರಷ್ಷನ್ನೂ ಆಕೆಯ ಕೈಗೆ ಕೊಟ್ಟರು. ಅಂದಿನಿಂದ ಏಳೂ ಮಷೀನುಗಳ ಆರೈಕೆ ಆಕೆಯದೇ ಆಯಿತು. ಇದೆಲ್ಲ ನಾನು ಅಕ್ಕನ ಬಾಯಿಂದ ಕೇಳಿದ್ದು. ಮುಂದಿನದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಮುಮತಾಜ. ೧೯೯೩ರ ಕೊನೆಯಲ್ಲಿ ಆ ಕ್ಲಾಸಿಗೆ ಸೇರಿದೆ. ಅದೇ ತಿಂಗಳು ಅಕ್ಕ ಸೊಲ್ಲಾಪುರದ ಯಾವುದೋ ಆಫೀಸು ಮಾರಿದ ಹಳೆಯ ಕಂಪ್ಯೂಟರ್ ಒಂದನ್ನು ತಂದಿದ್ದರು. ನಮ್ಮ ತಾಲ್ಲೂಕಿನಲ್ಲಿ ಅದನ್ನು ಮುಟ್ಟಿ ನೋಡಿದವರೇ ಕಡಿಮೆ. ಅದನ್ನು ಕಲಿಯಲು ಹನ್ನೊಂದು ಹುಡುಗಿಯರು ಹೆಸರು ಹಚ್ಚಿದೆವು. ಅಷ್ಟು ದೂರ ಹೋಗಿ ಕಲಿಯಲು ಮನೆಯಲ್ಲಿ ಬಿಡುವುದಿಲ್ಲ ಎನ್ನುವ ಮಾತು ನಮಗಿರಲಿಲ್ಲ. ಓಣಿ ದಾಟಿದರೆ ಕ್ಲಾಸು. ಏಪ್ರಿಲ್ ಕೊನೆಗೆ ಗುಲಬರ್ಗಾದಲ್ಲಿ ಪರೀಕ್ಷೆ ಎಂದು ಗೊತ್ತಾಗಿತ್ತು.

ಮಾರ್ಚ್ ಬಂತು. ಬಿಸಿಲು ಏರಿದಂತೆ ಕೀಬೋರ್ಡಿನ ಕೀಗಳು ಒಂದೊಂದಾಗಿ ಕೈಕೊಟ್ಟವು. ಮೊದಲು ‘ಎನ್’ ಹೋಯಿತು. ಅದಿಲ್ಲದೆಯೇ ಹೇಗೋ ಕಲಿತೆವು. ಆಮೇಲೆ ‘ಎ’, ‘ಎಸ್’, ಸಾಲು ಬದಲಿಸುವ ದೊಡ್ಡ ಕೀ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ಎಂಬತ್ತಕ್ಕೂ ಹೆಚ್ಚು ಕೀಗಳಲ್ಲಿ ಅರ್ಧದಷ್ಟು ಮಾತು ಕೇಳುತ್ತಿರಲಿಲ್ಲ. ಗುಲಬರ್ಗಾದಿಂದ ಮೆಕ್ಯಾನಿಕ್ ಬಂದು ನೋಡಿ ತಲೆ ಅಲ್ಲಾಡಿಸಿದ.

“ಅಕ್ಕಾರ, ಈ ಕೀಬೋರ್ಡ್ ಸತ್ತದ. ಇದರಂಥಾದು ಈಗ ಬರೂದಿಲ್ಲ. ಹೊಸಾದು ತಂದ್ರ ಈ ಹಳೀ ಮಷೀನಿಗೆ ಹತ್ತೂದಿಲ್ರಿ.”

ಅವನು ಹೋದ ಮೇಲೆ ಅಕ್ಕ ಕುರ್ಚಿಯಲ್ಲಿ ಕುಳಿತುಬಿಟ್ಟರು. ನಾವು ಹನ್ನೊಂದು ಮಂದಿ ಬಾಗಿಲ ಬಳಿ ನಿಂತಿದ್ದೆವು. ಪರೀಕ್ಷೆಗೆ ಇಪ್ಪತ್ತು ದಿನವಿತ್ತು.

ತುಳಜಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. “ಅಕ್ಕಾರ, ನಾ ಒಮ್ಮಿ ಬಿಚ್ಚಿ ನೋಡ್ಲೇನ್ರಿ?”

“ಏ ಹುಚ್ಚಿ, ಅದು ಟೈಪ್‌ರೈಟರ್ ಅಲ್ಲ ಬೇ. ಕರೆಂಟಿನ ಮಷೀನ್. ಏನಾರ ಹೆಚ್ಚು ಕಮ್ಮಿ ಆದ್ರ?”

“ವಾಯರ್ ಕಿತ್ತಿ ಬಿಚ್ತೇನ್ರಿ. ಸತ್ತದ ಅಂತ ಹೇಳಿ ಹೋದ್ರಲ್ರಿ ಅವ್ರು. ನಾ ಇನ್ನೇನು ಸಾಯ್ಸಲಿ ಅದನ್ನ?”

ಅಕ್ಕನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. “ಬಿಚ್ಚು ಹಂಗಾದ್ರ” ಎಂದರು.

ನೆಲದ ಮೇಲೆ ಬಿಳಿ ಪಂಜೆ ಹಾಸಿ ಆಕೆ ಕೀಬೋರ್ಡನ್ನು ಬೋರಲು ಹಾಕಿದಳು. ಸಣ್ಣ ಸಣ್ಣ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಳು. ಒಳಗಿನ ಹಸಿರು ಹಲಗೆ ಎತ್ತಿದಾಗ ಪ್ರತಿ ಕೀಯ ತಳದಲ್ಲಿ ಸ್ಪಂಜಿನ ಒಂದು ಪುಟ್ಟ ಬಿಲ್ಲೆ, ಅದರ ತುದಿಗೆ ಬೆಳ್ಳಿಯಂತೆ ಹೊಳೆಯುವ ಇನ್ನೊಂದು ತೆಳು ಬಿಲ್ಲೆ ಕಂಡವು. ಕೀ ಒತ್ತಿದಾಗ ಆ ಹೊಳೆಯುವ ಬಿಲ್ಲೆ ಹಲಗೆಗೆ ತಾಗಬೇಕು. ಆದರೆ ಸ್ಪಂಜು ಹಳತಾಗಿ, ಸೆಕೆಗೆ ಬೆಲ್ಲದ ಪಾಕದಂತೆ ಅಂಟಂಟಾಗಿ ಕರಗಿತ್ತು. ಬಿಲ್ಲೆಗಳು ಉದುರಿ ಬಿದ್ದಿದ್ದವು. ತುಳಜಾಬಾಯಿ ಬೆರಳಿನಿಂದ ಒಂದನ್ನು ಎತ್ತಿ ನೋಡಿ, “ಮಷೀನ್ ಸತ್ತಿಲ್ರಿ. ಒಳಗಿನ ಗಾದಿ ಕೊಳತದ, ಅಷ್ಟ” ಎಂದಳು.

ಮಧ್ಯಾಹ್ನ ಆಕೆ ನನ್ನನ್ನು ಕರೆದುಕೊಂಡು ಖಾಸೀಂಬಿಯ ಅಂಗಡಿಗೆ ಹೋದಳು. ಖಾಸೀಂಬಿ ನಮಗೆ ದೂರದ ನೆಂಟಳು. ಸೈಕಲ್ಲು, ಲೂನಾಗಳ ಸೀಟಿಗೆ ರೆಕ್ಸಿನ್ ಹೊಲಿಯುತ್ತಿದ್ದಳು. ಅವಳ ಹತ್ತಿರ ತುಂಡು ಸ್ಪಂಜು ಗೋಣಿಗಟ್ಟಲೆ ಇತ್ತು, ರೆಕ್ಸಿನ್ನಿಗೆ ದುಂಡಗೆ ತೂತು ಹೊಡೆಯುವ ಕಬ್ಬಿಣದ ಕೊಳವೆಯೂ ಇತ್ತು.

“ಎಷ್ಟು ದಪ್ಪ ಬೇಕು ಬಾಯಿ?”

“ಉಗುರಿನಷ್ಟು ಅಗಲ, ಎರಡು ತೊಗರಿಬ್ಯಾಳಿ ಕೂಡಿಸಿದಷ್ಟು ದಪ್ಪ.”

“ಯಾವ ಗಾಡಿ ಸೀಟದು?” ಖಾಸೀಂಬಿ ಕಣ್ಣರಳಿಸಿದಳು. ವಿಷಯ ತಿಳಿದ ಮೇಲೆ ತಾನೇ ಕೊಳವೆ ಹಿಡಿದು ಸುತ್ತಿಗೆ ಬೀಸುತ್ತ ಕುಳಿತಳು.

ಹೊಳೆಯುವ ಬಿಲ್ಲೆಯ ಬದಲು ಮೊದಲು ನಾಲ್ಕೈದು ಕೀಗಳಿಗಷ್ಟೇ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಹಚ್ಚಿ ನೋಡಿದೆವು. ಒಂದು ದಿನ ನಡೆಯಿತು, ಮರುದಿನ ಹರಿಯಿತು. ದಿನಾ ಕಸ ಗುಡಿಸುವ ತುಳಜಾಬಾಯಿಗೆ ಸುಪಾರಿ ತುಂಬಿ ಮಾರುವ ಪ್ಲಾಸ್ಟಿಕ್ ಚೀಟಿ ನೆನಪಾಯಿತು. ಆ ಚೀಟಿ ಒಳಗೆ ಹೊಳೆಯುತ್ತದೆ, ಎಷ್ಟು ತುಳಿದರೂ ಹರಿಯುವುದಿಲ್ಲ, ಮಳೆಗೂ ಕರಗುವುದಿಲ್ಲ. ಪಾನ್ ಅಂಗಡಿ ಮುಂದಿನಿಂದ ಆರಿಸಿ ತಂದ ಚೀಟಿಗಳನ್ನು ನಾವೆಲ್ಲ ಕೂಡಿ ಸಾಬೂನಿನಲ್ಲಿ ತೊಳೆದು ಹಗ್ಗಕ್ಕೆ ಒಣಹಾಕಿದೆವು. ಪಂಕ್ಚರ್ ಹಚ್ಚುವ ಸಲ್ಯೂಷನ್ನಿನಿಂದ ಸ್ಪಂಜಿಗೆ ಅಂಟಿಸುವ ಕೆಲಸವನ್ನು ಮಾತ್ರ ಆಕೆ ಯಾರಿಗೂ ಬಿಡಲಿಲ್ಲ.

ಐದನೆಯ ದಿನ ಎಲ್ಲ ಕೀಗಳನ್ನೂ ಜೋಡಿಸಿದ ಮೇಲೆ ಅಕ್ಕ ಸ್ವಿಚ್ ಹಾಕಿದರು. ಯಾರೂ ಮುಟ್ಟದಿದ್ದರೂ ಪರದೆಯ ಮೇಲೆ ‘ಜೆ’ ಅಕ್ಷರ ಸಾಲುಗಟ್ಟಿ ಓಡತೊಡಗಿತು. ನಾವು ನಕ್ಕುಬಿಟ್ಟೆವು. ಅಕ್ಕನಿಗೆ ಸಿಟ್ಟು ಬಂತು. “ಬ್ಯಾಡ ಅಂದಿದ್ದೆ ನಾ. ಇದ್ದದ್ದೂ ಹೋತು ನೋಡು” ಎಂದರು. ತುಳಜಾಬಾಯಿ ಮುಖ ಕೆಳಗೆ ಹಾಕಿ, ಕಸಬರಿಗೆಯನ್ನು ಮೂಲೆಗೆ ಇಟ್ಟು ಹೊರಟುಹೋದಳು. ಮರುದಿನ ಬೆಳಿಗ್ಗೆ ಆಕೆ ಬರಲಿಲ್ಲ. ಕೋಣೆಯ ಕಸವನ್ನು ಅಕ್ಕ ತಾವೇ ಗುಡಿಸಿದರು. ನಮ್ಮ ನಗುವಿಗೆ ನಾಚಿಕೆಯಾಗಿ ನಾನು ಆಕೆಯ ಮನೆಗೆ ಹೊರಟೆ. ದಾರಿಯಲ್ಲಿ ಖಾಸೀಂಬಿಯ ಅಂಗಡಿಯಲ್ಲೇ ಸಿಕ್ಕಳು. ಬ್ಲೇಡು ಹಿಡಿದು ಸ್ಪಂಜನ್ನು ಹೆರೆಯುತ್ತಿದ್ದಳು.

“ಮುಮತಾಜವ್ವ, ಗಾದಿ ದಪ್ಪ ಆಗಿತ್ತು ಬೇ. ಕೀ ಮ್ಯಾಲ ಬಟ್ಟು ಇಡೋಕಿಂತ ಮೊದಲ ತಾನ ಹೋಗಿ ಹಲಗಿಗಿ ಬಡೀತಿತ್ತು. ಇದನ್ನ ಕೂದಲಷ್ಟು ತೆಳ್ಳಗ ಮಾಡಾಕತ್ತೇನಿ” ಎಂದಳು. ಅವಮಾನದ ಮಾತೇ ಎತ್ತಲಿಲ್ಲ.

ಮಧ್ಯಾಹ್ನ ಬಂದು ಮತ್ತೆ ಬಿಚ್ಚಿದಳು. ಈ ಸಲ ಮೇಲಿನ ಕೀಗಳನ್ನೆಲ್ಲ ಕಿತ್ತು ಬೋಗುಣಿಯಲ್ಲಿ ತೊಳೆದು ಹಾಕಿದಳು. ಅದನ್ನು ಕಂಡು ಅಕ್ಕ ಓಡಿ ಬಂದರು. “ಯಾವುದು ಎಲ್ಲಿ ಇತ್ತಂತ ಬರದ ಇಟ್ಟೀಯೇನ?”

“ಬರಿಯಾಕ ಎಲ್ಲಿ ಬರ್ತದ್ರಿ ನನಗ? ಹದಿನೈದು ವರ್ಷ ಟೈಪ್‌ರೈಟರ್ ಮ್ಯಾಲ ಒರಸೇನಿ ಈ ಅಕ್ಷರನ್ನ. ಯಾರ ಮನಿ ಎಲ್ಲೈತಿ ಗೊತ್ತೈತ್ರಿ.”

ಅಕ್ಷರದ ಮೂರು ಸಾಲುಗಳನ್ನು ಆಕೆ ಒಬ್ಬಳೇ ಜೋಡಿಸಿದಳು. ಟೈಪ್‌ರೈಟರಿನಲ್ಲಿ ಇಲ್ಲದ ಕೀಗಳನ್ನಷ್ಟೇ ನಾನು ಓದಿ ಹೇಳಿದೆ. ಒಂದು ಕಡೆ ಆಕೆಯ ಕೈ ತಡೆಯಿತು. ‘ಎಂ’ ಇರಬೇಕಾದಲ್ಲಿ ‘ಡಬ್ಲ್ಯೂ’ ತಲೆಕೆಳಗಾಗಿ ಕುಳಿತಿತ್ತು. ಒಂದೊಂದು ಸಾಲಿನ ಕೀಗೆ ಒಂದೊಂದು ಇಳಿಜಾರು; ಬೆರಳಿಗೆ ಅದು ಸರಿಯೆನಿಸದೆ ತಾನೇ ಕಿತ್ತು ಬದಲಿಸಿದಳು. ಆಮೇಲೆ ಸ್ವಿಚ್ ಹಾಕಿದರು. ಪರದೆ ಖಾಲಿಯಾಗಿ ನಿಂತಿತು. ಅಕ್ಕ ಒಂದೊಂದೇ ಕೀ ಒತ್ತುತ್ತ ಹೋದರು. ‘ಎನ್’ ಬಂತು. ‘ಎ’ ಬಂತು. ಕೊನೆಯ ಕೀವರೆಗೂ ಬಂತು. ಅಕ್ಕ ಎದ್ದು ಆಕೆಯ ಎರಡೂ ಕೈ ಹಿಡಿದುಕೊಂಡರು.

ಉಳಿದ ದಿನಗಳಲ್ಲಿ ಸರದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡಿದೆವು. ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಪಾಸಾದೆವು. ಉಳಿದ ಇಬ್ಬರು ಮುಂದಿನ ಸಲ ಪಾಸಾದರು. ನಾನು ಅದೇ ಕ್ಲಾಸಿನಲ್ಲಿ ಕಲಿಸತೊಡಗಿದೆ.

ಸುದ್ದಿ ಅಫಜಲಪುರಕ್ಕೆ ಮುಟ್ಟಿತು, ಜೇವರ್ಗಿಗೂ ಮುಟ್ಟಿತು. ಜೇವರ್ಗಿಯ ಟೈಪಿಂಗ್ ಕ್ಲಾಸೊಂದರಲ್ಲಿ ಅಂಥದೇ ಎರಡು ಕೀಬೋರ್ಡ್ ಮೂಲೆಗೆ ಬಿದ್ದಿದ್ದವು. ಶಿವಕಾಂತಾ ಅಕ್ಕ ತುಳಜಾಬಾಯಿಯನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಆ ಕ್ಲಾಸಿನ ಯಜಮಾನರು ದೌಲತರಾಯರು ನಮ್ಮ ಹಿಂದೆ ಮುಂದೆ ನೋಡಿ, “ಮಿಸ್ತ್ರಿ ಎಲ್ಲ್ಯಾರ್ರಿ?” ಎಂದರು.

“ಇವ್ರ ಮಿಸ್ತ್ರಿ. ಕೂಡಾಕ ಕುರ್ಚಿ ಕೊಡ್ರಿ” ಎಂದರು ಅಕ್ಕ.

ಅಕ್ಕ ಆಕೆಯನ್ನು ‘ಇವರು’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. ತುಳಜಾಬಾಯಿ ಕುರ್ಚಿಯ ತುದಿಯಲ್ಲಿ ಕುಳಿತಳು. ಕೆಲಸ ಶುರುವಾದ ಮೇಲೆ ಕುರ್ಚಿ ಬಿಟ್ಟು ನೆಲಕ್ಕೇ ಇಳಿದಳು, ಸ್ಕ್ರೂ ಸಾಲು ಮಾಡಲು ನೆಲವೇ ಆಕೆಗೆ ಸಲೀಸು. ಸಂಜೆಗೆ ಎರಡೂ ಕೀಬೋರ್ಡ್ ನಡೆಯುತ್ತಿದ್ದವು.

ಅದಾದ ಮೇಲೆ ಕಸ ಗುಡಿಸಲು ಅಕ್ಕ ಬೇರೆಯವರನ್ನು ಇಟ್ಟರು. ತುಳಜಾಬಾಯಿಗೆ ಕಿಟಕಿಯ ಪಕ್ಕ ಒಂದು ಮೇಜಾಯಿತು. ಮಧ್ಯಾಹ್ನ ಕ್ಲಾಸು ಖಾಲಿ ಇದ್ದಾಗ ನಾನು ಆಕೆಗೆ ಕನ್ನಡದ ಅಕ್ಷರ ಕಲಿಸಿದೆ. ಒಂದು ವರ್ಷದಲ್ಲಿ ಬಸ್ಸಿನ ಬೋರ್ಡು ಓದುವಷ್ಟಾದಳು. ಆಮೇಲೆ ರಿಪೇರಿಗೆಂದು ಅಫಜಲಪುರಕ್ಕೆ ಒಬ್ಬಳೇ ಹೋಗಿಬರತೊಡಗಿದಳು.

೧೯೯೭ರಲ್ಲಿ ಕ್ಲಾಸಿಗೆ ಹೊಸ ಕಂಪ್ಯೂಟರ್ ಬಂತು. ಅದರ ಕೀಬೋರ್ಡ್ ಹಗುರ, ಒಳಗೆ ಸ್ಪಂಜಿಲ್ಲವಂತೆ, ಬರೀ ರಬ್ಬರಿನ ಹಾಳೆಯಂತೆ. ಕೆಟ್ಟರೆ ಎಸೆಯಬೇಕು, ರಿಪೇರಿ ಇಲ್ಲ ಎಂದು ತಂದವನು ಹೇಳಿದ. ತುಳಜಾಬಾಯಿ ಅದನ್ನು ತಿರುಗಿಸಿ ಬೆನ್ನಿನ ಸ್ಕ್ರೂಗಳನ್ನು ಎಣಿಸಿದಳು.

“ಕೆಡಲಿ ತಡೀರಿ, ನೋಡೋಣ” ಎಂದಳು.