ಬಸ್ ಸ್ಟ್ಯಾಂಡಿನಿಂದ ದಾರಿ ಹೇಳುವವರು

ರಾಯದುರ್ಗದಲ್ಲಿ ನಾನು ಕೆಲಸಕ್ಕಿದ್ದ ಜೀನ್ಸ್ ಕಾರ್ಖಾನೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು ಯಾರಿಗೇ ದಾರಿ ಹೇಳಿದರೂ ಬಸ್ ಸ್ಟ್ಯಾಂಡಿನಿಂದಲೇ ಶುರು ಮಾಡುತ್ತಿದ್ದರು. ಕೇಳಿದ್ದು ಎದುರಿನ ಟೀ ಅಂಗಡಿಯಾದರೂ ಅಷ್ಟೇ. ಕನ್ನಡಕ ಹಣೆಗೇರಿಸಿ, "ಬಸ್ ಸ್ಟ್ಯಾಂಡಿಗೆ ಬಂದ್ರಿ ಅಂತ ತಿಳ್ಕೋರಿ," ಎನ್ನುತ್ತಿದ್ದರು. ಮಡಕಶಿರದಿಂದ ಹೊಸದಾಗಿ ಬಂದಿದ್ದ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಒಮ್ಮೆ ಸೈಟಿಗೆ ಪ್ಯಾಂಟುಗಳ ಫೋಟೊ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮುಖಪುಟದಲ್ಲಿ ಎಲ್ಲವೂ ಕಾಣುತ್ತಿತ್ತು. ಒಳಪುಟ ತೆರೆದರೆ ಬರೀ ಖಾಲಿ ಚೌಕಗಳು. ಮಧ್ಯಾಹ್ನ ಬಳ್ಳಾರಿಯ ವ್ಯಾಪಾರಿಯೊಬ್ಬರು ಅದನ್ನೇ ನೋಡಿ ಆರ್ಡರ್ ಕೊಡುವವರಿದ್ದರು. ಅದು ತಪ್ಪಿದರೆ ನನ್ನ ಕೆಲಸವೂ ಹೋದಂತೆಯೇ.

"ಸಾರ್, ಫೋಟೊ ಅಲ್ಲೇ ಐತೆ, ಯಾಕೋ ಸಿಗ್ತಿಲ್ಲ," ಎಂದೆ ಅಳುಮುಖ ಮಾಡಿ.

ಕನ್ನಡಕ ಹಣೆಗೇರಿತು. "ಫೋಟೊ ಪಕ್ಕದ ಫೋಲ್ಡರ್‌ನ್ಯಾಗ ಐತಿ ಅಂತ ಸೈಟಿಗೆ ದಾರಿ ಬರ್ದೀರಿ. ಯಾರ ಪಕ್ಕ ಅಂತ ಹೇಳಬೇಕಲ್ರಿ? ಪುಟ ಬದಲಾದ್ರ ಪಕ್ಕಾನೂ ಬದಲಾಗ್ತದ."

ನಾನು ಕಂಪ್ಯೂಟರಿನಲ್ಲಿ ಬರೆದಿದ್ದ ಆ ದಾರಿಯ ಮೊದಲಿಗೆ ಒಂದೇ ಒಂದು ಓರೆಗೆರೆ (/) ಹಾಕಿದರು. "ಈಗ ಯಾವ ಪುಟದಾಗ ನಿಂತ್ರೂ ಸೈಟಿನ ಹೆಬ್ಬಾಗಿಲಿಂದ ಹುಡುಕ್ತದ. ನಮ್ಮ ಬಸ್ ಸ್ಟ್ಯಾಂಡ್ ಇದ್ದಂಗ." ಪ್ಯಾಂಟುಗಳೆಲ್ಲ ಸಾಲಾಗಿ ಬಂದು ನಿಂತವು.

ಆ ಸಂಜೆ ಮೈಸೂರುಪಾಕು ಹಿಡಿದು ಅವರ ಮನೆಗೆ ಹೊರಟೆ. ಬೀದಿ ಸಿಕ್ಕಿತು, ಮನೆ ಸಿಗಲಿಲ್ಲ. ಫೋನ್ ಮಾಡಿದೆ.

"ಎಲ್ಲಿದ್ದೀರಿ?"

"ನಿಮ್ ಬೀದೀಲೇ ಸಾರ್, ಹಿಟ್ಟಿನ ಗಿರಣಿ ತಾವ."

"ಹಂಗಾರ ಬಸ್ ಸ್ಟ್ಯಾಂಡಿಗೆ ಬಂದ್ರಿ ಅಂತ ತಿಳ್ಕೋರಿ..."

ತಲೆಯೆತ್ತಿದೆ. ಗಿರಣಿಯ ಎದುರಿನ ಮಹಡಿಯಲ್ಲಿ ಅವರೇ, ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದನ್ನು ನನ್ನತ್ತ ಬೀಸುತ್ತ ನಿಂತಿದ್ದರು. ಮಾತು ಮಾತ್ರ ಇನ್ನೂ ಬಸ್ ಸ್ಟ್ಯಾಂಡ್ ದಾಟಿರಲಿಲ್ಲ.