ಹನುಮಕ್ಕನ ಎಡಗೈ

2007. ಹಿಂದೂಪುರದ ಖಾಸಗಿ ಆಸ್ಪತ್ರೆಯೊಂದರ ಜೆನೆಟಿಕ್ಸ್ ವಿಭಾಗದಲ್ಲಿ ನಾನು ಫೀಲ್ಡ್ ಅಸಿಸ್ಟೆಂಟ್. ರಕ್ತದ ಮಾದರಿ ತರುವುದು, ವರದಿ ಮುಟ್ಟಿಸುವುದು ಕೆಲಸ. ಯಾರೂ ಹೇಳದಿದ್ದರೂ ಮಾಡುತ್ತಿದ್ದ ಕೆಲಸ, ಡಾಕ್ಟರಮ್ಮನ ದನಿಯನ್ನು ಅವರಿಗಿಂತ ಚೆನ್ನಾಗಿ ಅನುಕರಿಸುವುದು. ಐದು ನಿಮಿಷ ಕೂರಲಾರದ ಕಾಲು, ಸುಮ್ಮನಿರಲಾರದ ಬಾಯಿ.

ಕಲ್ಯಾಣದುರ್ಗದ ರತ್ನಮ್ಮನ ಕೂಸಿಗೆ ಎರಡೂ ಕೈಯಲ್ಲಿ ಜೋಡಿ ಹೆಬ್ಬೆರಳು. ಬಸುರಿಯಾಗಿದ್ದಾಗ ಸೊಸೆ ಗ್ರಹಣದ ಹೊತ್ತು ಸೌತೆಕಾಯಿ ಹೆಚ್ಚಿದ್ದೇ ಕಾರಣವೆಂದು ಅತ್ತೆ ಹನುಮಕ್ಕನ ಹಟ. ಮಗನಿಗೆ ಬೇರೆ ಹೆಣ್ಣು ನೋಡುವ ಮಾತೂ ಎದ್ದಿತ್ತು. ಹನುಮಕ್ಕನ ಎಡಗೈ ಸದಾ ಸೆರಗಿನೊಳಗೆ. ಆ ಭಂಗಿಯನ್ನೂ ನಾನು ಆಸ್ಪತ್ರೆಯಲ್ಲಿ ಆಡಿ ತೋರಿಸಿ ನಗಿಸಿದ್ದೆ.

ಕೂಸಿನ ರಕ್ತ ಪರೀಕ್ಷಿಸಿ, ಬೆರಳು ರೂಪಿಸುವ ಜೀನಿನ ವರದಿ ಬಂತು. ಅವರ ಜಗಲಿಯಲ್ಲಿ ನಿಂತು, ಕನ್ನಡಕ ಮೂಗಿನ ತುದಿಗಿಳಿಸಿ, ಡಾಕ್ಟರಮ್ಮನ ದನಿಯಲ್ಲಿ ಸಾರಿದೆ: "ಜೀನ್ ಪರ್ಫೆಕ್ಟ್ಲೀ ನಾರ್ಮಲ್!"

"ನೋಡ್ದೇನಪ್ಪಾ, ನಮ್ಮ ವಂಶದಾಗೆ ಏನೂ ಇಲ್ಲ. ಇವ್ಳು ಹೆಚ್ಚಿದ್ದೇ ಸೈ. ತವ್ರಿಗೆ ಹೋಗ್ಲಿ ಬುಡು" ಎಂದರು ಹನುಮಕ್ಕ.

ರತ್ನಮ್ಮ ನನ್ನತ್ತ ನೋಡಿದ ನೋಟ ಹಿಂದೂಪುರದವರೆಗೂ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಿತ್ತು.

ಡಾಕ್ಟರಮ್ಮ ಬೈಯಲಿಲ್ಲ, ಅದು ಇನ್ನೂ ಕಷ್ಟ. "ಸೀರೆ ಹಾಸಿದ್ರೆ ಎರಡು ತುದಿ ಎಷ್ಟು ದೂರ! ಮಡಿಸಿದ್ರೆ ಒಂದಕ್ಕೊಂದು ಮುಟ್ಟುತ್ವೆ. ನ್ಯೂಕ್ಲಿಯಸ್ ಒಳಗೆ ಡಿಎನ್ಎ ಹಾಗೇ ಮಡಿಚಿರುತ್ತೆ ಕಣೋ. ಈ ಜೀನಿನ ಸ್ವಿಚ್ಚು ಸುಮಾರು ಹತ್ತು ಲಕ್ಷ ಡಿಎನ್ಎ ಅಕ್ಷರ ದೂರ. ಮಡಿಕೆಯಿಂದಲೇ ಹತ್ತಿರ ಬಂದು ಅದನ್ನ ಹೊತ್ತಿಸೋದು. ನಾವಿನ್ನೂ ಸ್ವಿಚ್ಚು ನೋಡೇ ಇಲ್ಲ."

ಅಪ್ಪ, ಅವ್ವ, ಕೂಸು ಮೂವರ ರಕ್ತ ಸ್ವಿಚ್ಚಿನ ಪರೀಕ್ಷೆಗೆ ಹೋಯಿತು. ಆರು ವಾರ ನಾನು ಯಾರನ್ನೂ ಅನುಕರಿಸಲಿಲ್ಲ; ಆಸ್ಪತ್ರೆಯ ಆಯಾ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಕೊನೆಗೆ ಉತ್ತರ ಸಿಕ್ಕಿತು: ಸ್ವಿಚ್ಚಿನ ಒಂದಕ್ಷರ ಬದಲಾಗಿ, ಹೆಬ್ಬೆರಳಿನ ಕಡೆ ಆರಿರಬೇಕಾದ ಜೀನು ಹೊತ್ತಿಕೊಂಡಿತ್ತು. ಆ ಬದಲಾವಣೆ ಅಪ್ಪನಲ್ಲಿತ್ತು, ರತ್ನಮ್ಮನಲ್ಲಿ ಇರಲಿಲ್ಲ.

ಈ ಸಲ ಅವರದೇ ಸೀರೆಯೊಂದನ್ನು ಮಡಿಸಿ ತೋರಿಸುತ್ತ ಸ್ವಂತ ದನಿಯಲ್ಲಿ ಹೇಳಿದೆ. ಅಭ್ಯಾಸವಿಲ್ಲದ ದನಿ, ನಡುಗಿತು.

"ನನ್ನ ಮಗನ್ದಾ? ಅವನ ಕೈ ನೆಟ್ಟಗೈತಲ್ಲಪ್ಪಾ!"

"ಈ ಬದಲಾವಣೆ ಇದ್ದೋರಿಗೆಲ್ಲ ಜೋಡಿ ಬೆರಳು ಮೂಡ್ಲೇಬೇಕು ಅಂತಿಲ್ಲ ಅಜ್ಜೀ. ನಿಮ್ಮ ಮಗಂಗೂ ಹಿರೀಕರಿಂದ್ಲೇ ಬಂದಿರ್ತೈತೆ."

ಹನುಮಕ್ಕ ಕೂಸಿನ ಹತ್ತಿರ ಸರಿದರು. ಆಮೇಲೆ ಸೆರಗಿನೊಳಗಿಂದ ಎಡಗೈ ತೆಗೆದು ಕೂಸಿನ ಕೈ ಪಕ್ಕ ಇಟ್ಟರು. ಹೆಬ್ಬೆರಳ ಬುಡದಲ್ಲಿ ಕಡಲೆಕಾಳಿನಷ್ಟು ಗಂಟು.

"ಕೂಸಾಗಿದ್ದಾಗ ನಮ್ಮವ್ವ ಕುದುರೆ ಕೂದ್ಲು ಕಟ್ಟಿ ಇಲ್ಲಿದ್ದ ಇನ್ನೊಂದು ಬೆರಳ್ನ ಉದುರಿಸಿದ್ಲಂತೆ." ಸೊಸೆಯತ್ತ ತಿರುಗಿದರು. "ಸೌತೆಕಾಯಿ ಐತೇನಮ್ಮಿ? ಹೆಚ್ಕೊಂಡು ಬಾ, ಈ ಹುಡುಗಂಗೂ ಕೊಡು."

ನಾನು ನಕಲು ಮಾಡಿದ್ದ ಕೈಯನ್ನು ನಾನೇ ನೋಡಿರಲಿಲ್ಲ. ಅಂದಿನಿಂದ ವರದಿಯಲ್ಲಿ ‘ನಾರ್ಮಲ್’ ಬಂದಾಗಲೆಲ್ಲ ‘ನಾವು ನೋಡಿದ ಮಟ್ಟಿಗೆ’ ಎಂದು ಸೇರಿಸುತ್ತೇನೆ, ನನ್ನದೇ ದನಿಯಲ್ಲಿ.